ಬೇತಾಳನ ಗೆಳೆತನ

ಮಕ್ಕಳ ಸಾಹಿತ್ಯದಲ್ಲಿ ರಕ್ತಪಿಶಾಚಿಗೆ ಏನು ಕೆಲಸ ಎಂದು ತಾಯಂದಿರು ಕೇಳಬಹುದು. ಕೇಳುವುದು ನ್ಯಾಯವೇ. ಆದರೂ ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅದನ್ನೇ ಕುರಿತು: ಮಕ್ಕಳನ್ನು ಅಂಜಿಸುವುದಕ್ಕಿಂತ ಹೆಚ್ಚಾಗಿ ನಗಿಸುವ ದೆವ್ವದ ಕಥೆ, ಗೆಳೆತನವನ್ನೂ ಗುಟ್ಟನ್ನೂ ಹೆಣೆದುಕೊಂಡು ಬರುವ ದೆವ್ವದ ಕಥೆ. ತಾಯಂದಿರು ಬಾನುಲಿಯ ಪೆಟ್ಟಿಗೆಯನ್ನು ಮುಚ್ಚುವ ಮೊದಲು ಒಂದು ವಿಷಯವನ್ನು ಯೋಚಿಸಬೇಕೆಂದು ಬೇಡಿಕೊಳ್ಳುತ್ತೇನೆ. ಈಗ ನಿಮ್ಮ ಮನೆಯಲ್ಲಿ ನಡೆಯುತ್ತಿರುವುದಾದರೂ ಏನು? ಶರೀರವಿಲ್ಲದ ಧ್ವನಿಯೊಂದು ಎಲ್ಲಿಂದಲೋ ಹೊರಟು, ಬಾಗಿಲು ತಟ್ಟದೆ ನಡುಮನೆಗೆ ಬಂದು, ದೀಪ ಹಚ್ಚಿದ ಹೊತ್ತಿನಲ್ಲಿ ಕಥೆ ಹೇಳುತ್ತಿದೆ. ನಮ್ಮ ಮುತ್ತಜ್ಜಂದಿರು ಕೇಳಿದ್ದರೆ ಇದನ್ನು ಬೇತಾಳವೆಂದೇ ನಿಶ್ಚಯಿಸಿ ಬೇವಿನ ಸೊಪ್ಪನ್ನು ತರಿಸುತ್ತಿದ್ದರು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಾರಂಭಿಸಿದ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ದಿವ್ಯವಾದ ಹೆಸರು ದೊರೆತುದರಿಂದ ನಮ್ಮಂಥ ಉಪನ್ಯಾಸಕರು ಬದುಕಿಕೊಂಡೆವು. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕಾಣದ ಧ್ವನಿಗೆ ಜನ ಅಂಜದಂತೆ ಮಾಡುವುದು ಹೇಗೆಂಬುದನ್ನು ಅವರು ಬಲ್ಲವರಾಗಿದ್ದಿರಬೇಕು.

ಧಾರವಾಡದ ಮಳೆಗಾಲವನ್ನು ಕಂಡವರಿಗೆ ದೆವ್ವದ ಕಥೆಯ ಮಹತ್ತ್ವವನ್ನು ವಿವರಿಸಬೇಕಾದುದಿಲ್ಲ. ಹಗಲೆಲ್ಲ ಜಿಟಿಜಿಟಿ ಮಳೆ. ಸಂಜೆಗೆ ಗಿರಮಿಟ್ಟು, ಬಿಸಿ ಚಹಾ. ದೀಪ ಹೋಯಿತೆಂದರೆ ಮಕ್ಕಳೆಲ್ಲ ಅಜ್ಜಿಯ ಸುತ್ತ. "ಅಜ್ಜೀ, ದೆವ್ವದ ಕಥಿ ಹೇಳ. ಆದರ ಭಾಳ ಅಂಜಿಸಬ್ಯಾಡ." ಈ ಎರಡು ಮಾತುಗಳಲ್ಲಿ ಭಯಾನಕರಸದ ಲಕ್ಷಣವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ. ಮಗುವಿಗೆ ಭಯವೂ ಬೇಕು, ಭಯದಿಂದ ರಕ್ಷಣೆಯೂ ಬೇಕು. ಕಥೆಯೊಳಗೆ ಹುಣಿಸೆಯ ಮರವೂ ಇರಬೇಕು, ಹೊರಗೆ ಅಜ್ಜಿಯ ಮಡಿಲೂ ಇರಬೇಕು. ಮಡಿಲಿಲ್ಲದೆ ಹುಣಿಸೆಯ ಮರ ಮಾತ್ರ ಉಳಿದರೆ ಅದು ಕ್ರೌರ್ಯ. ಮರವನ್ನೇ ಕಡಿದುಹಾಕಿ ಮಡಿಲನ್ನಷ್ಟೇ ಕೊಟ್ಟರೆ ಮಗುವಿಗೆ ನಿದ್ದೆ ಬರುವುದೇ ಹೊರತು ಧೈರ್ಯ ಬರುವುದಿಲ್ಲ.

ಪಾಶ್ಚಾತ್ಯರ ರಕ್ತಪಿಶಾಚಿಯನ್ನು ನಮ್ಮ ವಿದ್ಯಾರ್ಥಿಗಳು ಪುಸ್ತಕಗಳಿಂದಲೂ ಚಲಚ್ಚಿತ್ರಗಳಿಂದಲೂ ಚೆನ್ನಾಗಿ ಬಲ್ಲರು. ಪೋಲಿಡೋರಿ ಎಂಬ ವೈದ್ಯನು ಇಂಗ್ಲಿಷಿನಲ್ಲಿ ಬರೆದು 1819ರಲ್ಲಿ ಪ್ರಕಟವಾದ ಕಥೆಯಿಂದ ಅದು ಶ್ರೀಮಂತರ ಉಡುಪನ್ನು ತೊಟ್ಟಿತು. 1897ರಲ್ಲಿ ಬ್ರಾಮ್ ಸ್ಟೋಕರನ 'ಡ್ರಾಕುಲಾ' ಪ್ರಕಟವಾದ ಮೇಲೆ ಅದರ ನಡೆನುಡಿಗಳು ಬಹುಮಟ್ಟಿಗೆ ನಿಶ್ಚಯವಾದುವು. ಅದು ಹಗಲಲ್ಲಿ ಶವಪೆಟ್ಟಿಗೆಯೊಳಗೆ ಮಲಗುವುದು; ಕನ್ನಡಿಯಲ್ಲಿ ಕಾಣಿಸದು; ಒಳಗಿನವರು ಕರೆಯದೆ ಹೊಸ್ತಿಲನ್ನು ದಾಟದು; ಬೆಳ್ಳುಳ್ಳಿಯ ವಾಸನೆಗೆ ಹಿಮ್ಮೆಟ್ಟುವುದು. ಈ ಕೊನೆಯ ನಿಯಮವನ್ನು ಓದಿದಾಗಲೆಲ್ಲ ಡ್ರಾಕುಲಾ ಮಹಾಶಯನು ಹುಬ್ಬಳ್ಳಿಯ ಕಡೆಗೆ ಏಕೆ ಬರಲಿಲ್ಲವೆಂಬುದು ನನಗೆ ಹೊಳೆಯುತ್ತದೆ. ಜೋಳದ ರೊಟ್ಟಿಯ ಜೊತೆಗೆ ಬಳ್ಳೊಳ್ಳಿ ಹಾಕಿ ಕುಟ್ಟಿದ ಕೆಂಪು ಖಾರ ದಿನವೂ ಇರುವ ಊರಿನಲ್ಲಿ ಆತನಿಗೆ ಉಪವಾಸವೇ ಗತಿ.

ಇಂಥ ಭಯಂಕರನನ್ನು ಮಕ್ಕಳ ಗೆಳೆಯನನ್ನಾಗಿ ಮಾಡಿದವರು ಜರ್ಮನಿಯ ಆಂಗೆಲಾ ಸೊಮರ್-ಬೋಡೆನ್‌ಬುರ್ಗ್ ಎಂಬ ಲೇಖಕಿ. ಆಕೆ ಹ್ಯಾಂಬುರ್ಗಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದವಳು. 1979ರಲ್ಲಿ ಆಕೆಯ 'ಪುಟ್ಟ ರಕ್ತಪಿಶಾಚಿ'ಯ ಕಥೆ ಮೊದಲು ಪ್ರಕಟವಾಯಿತು. ಆಂಟನ್ ಎಂಬ ಹುಡುಗನಿಗೆ ದೆವ್ವದ ಪುಸ್ತಕಗಳೆಂದರೆ ಪ್ರಾಣ. ತಂದೆತಾಯಿಗಳು ಹೊರಗೆ ಹೋಗಿದ್ದ ಒಂದು ರಾತ್ರಿ ಕಿಟಕಿಯಲ್ಲಿ ಒಬ್ಬನು ಬಂದು ಕೂರುತ್ತಾನೆ, ಹೆಸರು ರೂಡಿಗರ್, ನೋಡುವುದಕ್ಕೆ ಬಾಲಕ, ಜಾತಿಯಲ್ಲಿ ರಕ್ತಪಿಶಾಚಿ. ಇಬ್ಬರಿಗೂ ಸ್ನೇಹವಾಗುತ್ತದೆ. ರೂಡಿಗರನ ತಂಗಿ ಆನ್ನಾಳಿಗೆ ಕೋರೆಹಲ್ಲು ಇನ್ನೂ ಬಂದಿಲ್ಲ; ಆದಕಾರಣ ಆಕೆ ಹಾಲು ಕುಡಿದುಕೊಂಡಿರುತ್ತಾಳೆ. ಹಾಲು ಕುಡಿಯುವ ರಕ್ತಪಿಶಾಚಿಗೆ ಧಾರವಾಡದ ಪೇಢೆಯನ್ನು ಕೊಟ್ಟಿದ್ದರೆ ಆಕೆ ಹಲ್ಲು ಬರುವುದೇ ಬೇಡವೆನ್ನುತ್ತಿದ್ದಳೋ ಏನೋ!

ಈ ಕಥೆಯ ಸೊಗಸೆಲ್ಲ ಇರುವುದು ಗುಟ್ಟಿನಲ್ಲಿ. ಹೊಸ ಗೆಳೆಯನು ಯಾರು, ಹಗಲಲ್ಲಿ ಏಕೆ ಬರುವುದಿಲ್ಲ, ಅವನ ಮೇಲುಹೊದಿಕೆಗೆ ಮಣ್ಣಿನ ವಾಸನೆ ಏಕೆ, ಎಂದು ತಾಯಿ ಕೇಳಿದರೆ ಆಂಟನ್ ಏನು ಹೇಳಬೇಕು? ಸುಳ್ಳು ಹೇಳಿದರೆ ತಾಯಿಗೆ ದ್ರೋಹ, ನಿಜ ಹೇಳಿದರೆ ಗೆಳೆಯನಿಗೆ ದ್ರೋಹ. ತಮಾಷೆಯೆಂದರೆ, ಆತನು ನಿಜವನ್ನು ಹೇಳಿದರೂ ದೊಡ್ಡವರು ನಂಬುವುದಿಲ್ಲ. ಮಕ್ಕಳು ಇದನ್ನು ಓದಿ ನಗುತ್ತಾರೆ. ಆ ನಗೆಯ ಅಡಿಯಲ್ಲಿ ಪ್ರತಿಯೊಂದು ಮಗುವೂ ಒಂದಲ್ಲ ಒಂದು ದಿನ ಎದುರಿಸಬೇಕಾದ ಪ್ರಶ್ನೆಯಿದೆ: ಯಾವ ಗುಟ್ಟನ್ನು ಕಾಪಾಡಬೇಕು, ಯಾವ ಗುಟ್ಟನ್ನು ಹೇಳಬೇಕು? ಜರ್ಮನಿಯ ಕಥೆ ಈ ಪ್ರಶ್ನೆಯನ್ನು ನಗುನಗುತ್ತ ಎತ್ತುತ್ತದೆ. ಇದಕ್ಕೆ ಉತ್ತರವನ್ನು ಹುಡುಕಿಕೊಂಡು ಹೋದರೆ ನಾವು ಬಂದು ನಿಲ್ಲುವುದು ನಮ್ಮ ಬೇತಾಳನ ಮರದಡಿಯಲ್ಲಿ.

1870ರಲ್ಲಿ ರಿಚರ್ಡ್ ಬರ್ಟನ್ ಎಂಬ ಆಂಗ್ಲ ವಿದ್ವಾಂಸನು ನಮ್ಮ ಬೇತಾಳ ಕಥೆಗಳಲ್ಲಿ ಕೆಲವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದಾಗ ಅದಕ್ಕೆ 'ವಿಕ್ರಮ ಮತ್ತು ವ್ಯಾಂಪೈರ್' ಎಂಬ ಅರ್ಥದ ಹೆಸರನ್ನಿಟ್ಟನು. ಅಂದಿನಿಂದ ಬೇತಾಳನು ಪರದೇಶದಲ್ಲಿ ರಕ್ತಪಿಶಾಚಿಗಳ ಪಂಕ್ತಿಯಲ್ಲಿ ಕುಳಿತಿದ್ದಾನೆ. ಆದರೆ ಪಂಕ್ತಿಯಲ್ಲಿ ಕುಳಿತರೂ ಈ ಕಥೆಗಳ ಬೇತಾಳನು ರಾಜನ ರಕ್ತವನ್ನು ಬಯಸುವವನಲ್ಲ. ಹೆಣದೊಳಗೆ ಹೊಕ್ಕು ಮರಕ್ಕೆ ತಲೆಕೆಳಗಾಗಿ ಜೋತುಬೀಳುವುದು ಅವನ ವಾಸಕ್ರಮ. ಸಿಕ್ಕಿದವರಿಗೆ ಕಥೆ ಹೇಳುವುದು ಅವನ ಚಪಲ. ಈ ಚಪಲವುಳ್ಳವರು ನಮ್ಮ ಕಾಲೇಜುಗಳಲ್ಲಿಯೂ ಇದ್ದಾರೆ. ಅವರಿಗೆ ಜೋತುಬೀಳುವ ಅಭ್ಯಾಸ ಮಾತ್ರ ಇಲ್ಲ.

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಬರೆದ ಸಂಸ್ಕೃತ 'ಕಥಾಸರಿತ್ಸಾಗರ'ದಲ್ಲಿ ಈ ಕಥೆ ಹೀಗಿದೆ. ಗೋದಾವರಿಯ ದಡದ ಪ್ರತಿಷ್ಠಾನದಲ್ಲಿ ತ್ರಿವಿಕ್ರಮಸೇನನೆಂಬ ರಾಜನಿದ್ದನು. ಕ್ಷಾಂತಿಶೀಲನೆಂಬ ಭಿಕ್ಷುವು ದಿನವೂ ಸಭೆಗೆ ಬಂದು ಆತನಿಗೆ ಒಂದು ಹಣ್ಣನ್ನು ಕೊಟ್ಟು ಸುಮ್ಮನೆ ಹೋಗುತ್ತಿದ್ದನು. ರಾಜನು ಅದನ್ನು ಭಂಡಾರದ ಅಧಿಕಾರಿಗೆ ಕೊಡುವನು. ಅಧಿಕಾರಿ ಕಿಟಕಿಯಿಂದ ಭಂಡಾರದೊಳಕ್ಕೆ ಎಸೆಯುವನು. ವರ್ಷಗಳು ಹೀಗೆಯೇ ಕಳೆದುವು. ಒಂದು ದಿನ ಸಾಕಿದ ಕೋತಿಯೊಂದು ಕಾವಲಿನವರ ಕೈ ತಪ್ಪಿಸಿಕೊಂಡು ಸಭೆಗೆ ಬಂದಿತು. ರಾಜನು ಹಣ್ಣನ್ನು ಅದಕ್ಕೆ ಕೊಟ್ಟನು. ಕೋತಿ ಕಚ್ಚಿದೊಡನೆ ಹಣ್ಣಿನೊಳಗಿಂದ ಬೆಲೆಯಿಲ್ಲದ ರತ್ನವೊಂದು ಉರುಳಿತು. ಭಂಡಾರವನ್ನು ತೆರೆದು ನೋಡಿದರೆ ಕೊಳೆತ ಹಣ್ಣುಗಳ ನಡುವೆ ರತ್ನಗಳ ರಾಶಿ! ಇಷ್ಟು ಕಾಲ ಅರಮನೆಯ ಪಂಡಿತರಿಗೆಲ್ಲ ತಿಳಿಯದಿದ್ದುದನ್ನು ಕೋತಿ ಒಂದು ಕಡಿತಕ್ಕೆ ತಿಳಿಸಿತು.

ಇಷ್ಟು ಕೊಟ್ಟವನು ಏನನ್ನಾದರೂ ಕೇಳದಿರುವನೆ? ಮಂತ್ರಸಾಧನೆಗೆ ವೀರನೊಬ್ಬನ ನೆರವು ಬೇಕೆಂದೂ, ಕೃಷ್ಣಚತುರ್ದಶಿಯ ರಾತ್ರಿ ಸ್ಮಶಾನದ ಆಲದ ಮರದ ಬಳಿಗೆ ಬರಬೇಕೆಂದೂ ಭಿಕ್ಷುವು ಕೇಳಿಕೊಂಡನು. ರಾಜನು ಯಾರಿಗೂ ಕಾಣದಂತೆ ಕತ್ತಿ ಹಿಡಿದು ಒಬ್ಬನೇ ಹೊರಟನು. ದಕ್ಷಿಣಕ್ಕಿರುವ ಶಿಂಶಪಾ ವೃಕ್ಷದಲ್ಲಿ ತೂಗುತ್ತಿರುವ ಶವವನ್ನು ಹೊತ್ತು ತರುವಂತೆ ಭಿಕ್ಷುವಿನ ಅಪ್ಪಣೆಯಾಯಿತು. ರಾಜನು ಹಗ್ಗವನ್ನು ಕತ್ತರಿಸಿದಾಗ ಶವವು ಕೆಳಗೆ ಬಿದ್ದು ನೊಂದವನಂತೆ ಕೂಗಿತು. ಪಾಪ, ಜೀವವಿದೆಯೆಂದು ರಾಜನು ಅದರ ಮೈಯನ್ನು ತಿಕ್ಕಿದನು. ಶವವು ಗಹಗಹಿಸಿ ನಕ್ಕಿತು. ಭಯಂಕರವೆಂದು ಹೆಸರಾದ ಈ ಕಥೆಯಲ್ಲಿ ನಾಯಕನು ದೆವ್ವಕ್ಕೆ ಮಾಡಿದ ಮೊದಲನೆಯ ಕಾರ್ಯ ಪೆಟ್ಟು ಬಿದ್ದ ಜಾಗವನ್ನು ನೇವರಿಸಿದುದು. ಅವರ ಸ್ನೇಹದ ಬೀಜ ಅಲ್ಲಿಯೇ ಬಿತ್ತೆಂದು ನಾನು ತಿಳಿಯುತ್ತೇನೆ.

ಮುಂದಿನದು ನಿಮಗೆ ತಿಳಿದೇ ಇದೆ. ದಾರಿಯ ಬೇಸರ ಕಳೆಯಲೆಂದು ಹೆಗಲ ಮೇಲಿನ ಬೇತಾಳನು ಕಥೆ ಹೇಳುತ್ತಾನೆ. ಕೊನೆಗೆ ಒಂದು ಪ್ರಶ್ನೆ. ಉತ್ತರ ತಿಳಿದಿದ್ದೂ ಹೇಳದಿದ್ದರೆ ತಲೆ ಒಡೆದುಹೋಗುವುದು. ಹೇಳಿದರೆ ಮೌನ ಮುರಿದು ಬೇತಾಳನು ಮರಕ್ಕೆ ಹಿಂದಿರುಗುವನು. ರಾಜನು ಉತ್ತರ ಹೇಳುತ್ತಾನೆ, ಬೇತಾಳನು ಹಾರುತ್ತಾನೆ, ರಾಜನು ತಿರುಗಿ ಹೋಗಿ ಹೊತ್ತು ತರುತ್ತಾನೆ. ಕನ್ನಡದ ಮಕ್ಕಳು ಈ ಆಟವನ್ನು ಹೆಚ್ಚಾಗಿ ಕಲಿತುದು 'ಚಂದಮಾಮ'ದಿಂದ. 1947ರ ಜುಲೈಯಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿದ ಆ ಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂದಿತು. ಕತ್ತಿ ಹಿರಿದ ರಾಜ, ಆತನ ಹೆಗಲ ಮೇಲೆ ಬಿಳಿಗೂದಲಿನ ಶವ: ಈ ಚಿತ್ರವನ್ನು ಬರೆದ ಕಲಾವಿದ ಶಂಕರರು 2020ರಲ್ಲಿ ತೊಂಬತ್ತನ್ನು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಪತ್ರಿಕೆಯೂ ಈಗ ಇಲ್ಲ. ಆದರೆ ಎರಡು ಮೂರು ತಲೆಮಾರುಗಳ ಕಣ್ಣಿನಲ್ಲಿ ಆ ಚಿತ್ರ ಅಳಿಯದೆ ನಿಂತಿದೆ.

ಇಪ್ಪತ್ತಮೂರು ಪ್ರಶ್ನೆಗಳಾದ ಮೇಲೆ ಬಂದ ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯಲಿಲ್ಲ. ಆತನು ಸುಮ್ಮನೆ ನಡೆದನು. ಆಗ ಬೇತಾಳನು ಮೆಚ್ಚಿ, ಅಷ್ಟು ಹೊತ್ತೂ ಒಳಗಿಟ್ಟುಕೊಂಡಿದ್ದ ಗುಟ್ಟನ್ನು ಬಿಚ್ಚಿದನು. ಭಿಕ್ಷುವಿಗೆ ಬೇಕಾಗಿರುವುದು ಈ ಶವ ಮಾತ್ರವಲ್ಲ, ರಾಜನ ಪ್ರಾಣ. ಸಾಷ್ಟಾಂಗ ನಮಸ್ಕಾರ ಮಾಡೆಂದು ಆತನು ಹೇಳಿದಾಗ, "ನಾನು ರಾಜ, ಯಾರಿಗೂ ಬಗ್ಗಿ ಅಭ್ಯಾಸವಿಲ್ಲ, ಮೊದಲು ನೀವು ಮಾಡಿ ತೋರಿಸಿ" ಎನ್ನಬೇಕು, ಆತನು ಬಗ್ಗಿದಾಗ ಕತ್ತಿಗೆ ಕೆಲಸ ಕೊಡಬೇಕು. ರಾಜನು ಹಾಗೆಯೇ ಮಾಡಿ ಬದುಕಿದನು. ವರವನ್ನು ಬೇಡೆಂದಾಗ ಆತನು ರಾಜ್ಯವನ್ನು ಬೇಡಲಿಲ್ಲ, ಧನವನ್ನು ಬೇಡಲಿಲ್ಲ. ಆ ರಾತ್ರಿ ಕೇಳಿದ ಕಥೆಗಳು ಲೋಕದಲ್ಲಿ ಪ್ರಸಿದ್ಧವಾಗಲೆಂದು ಬೇಡಿದನು. ಹಾಗೆ ಬೇಡಿದುದರಿಂದಲೇ ಇಂದು ನನಗೆ ಮಾತನಾಡುವುದಕ್ಕೆ ವಿಷಯ ದೊರೆತಿದೆ.

ಈ ಕಥೆಯಲ್ಲಿ ಮುಖ ನೋಡಿ ಅಂಜಬೇಕಾದವನು ಬೇತಾಳನು. ಮುಖ ನೋಡಿ ಕೈ ಮುಗಿಯಬೇಕಾದವನು ಭಿಕ್ಷು. ಬೇತಾಳನದು ಹೆಣದ ಮೈ, ಕರ್ಕಶವಾದ ನಗೆ. ಭಿಕ್ಷುವಿನದು ಕಾಷಾಯ, ಸೌಮ್ಯವಾದ ನುಡಿ, ದಿನವೂ ಒಂದು ಹಣ್ಣಿನ ಕಾಣಿಕೆ. ಪ್ರಾಣ ತೆಗೆಯಲು ಕಾದಿದ್ದವನು ಹಣ್ಣನ್ನು ಕೊಟ್ಟವನು. ಪ್ರಾಣ ಉಳಿಸಿದವನು ಹೆಣದೊಳಗಿದ್ದವನು. ಇನ್ನೂ ಒಂದು ಸೂಕ್ಷ್ಮವಿದೆ. ಬೇತಾಳನು ಮರಕ್ಕೆ ಹಾರಿದಷ್ಟು ಸಲವೂ ರಾಜನು ಆ ಆಲದ ಮರವನ್ನು ತಲುಪುವುದು ತಡವಾಯಿತು. ನಮಗೆ ಕೀಟಲೆಯೆಂದು ತೋರಿದ್ದು ರಾಜನ ಆಯುಸ್ಸನ್ನು ಒಂದೊಂದು ಕಥೆಯಷ್ಟು ಬೆಳೆಸುತ್ತಿತ್ತು. ಗೆಳೆಯರು ಎಷ್ಟೋ ಸಲ ಹೀಗೆಯೇ ನಮ್ಮನ್ನು ಕಾಡಿ ಕಾಪಾಡುತ್ತಾರೆ.

ಈಗ ಗುಟ್ಟಿನ ಪ್ರಶ್ನೆಗೆ ಬರೋಣ. ಭಿಕ್ಷುವಿನದೂ ಗುಟ್ಟು, ಬೇತಾಳನದೂ ಗುಟ್ಟು. ಭಿಕ್ಷುವಿನ ಗುಟ್ಟಿನ ಕ್ರಮವನ್ನು ನೋಡಿರಿ: ಬಹುಕಾಲ ಕಾಣಿಕೆ, ಅದರಿಂದ ಹುಟ್ಟಿದ ದಾಕ್ಷಿಣ್ಯ, ಅನಂತರ ರಾತ್ರಿಯ ಹೊತ್ತು ಒಬ್ಬನೇ ಬಾ ಎಂಬ ಕೋರಿಕೆ. ಗುಟ್ಟಿನ ಲಾಭವೆಲ್ಲ ಒಬ್ಬನಿಗೆ, ಹೆಣದ ಭಾರವೆಲ್ಲ ಇನ್ನೊಬ್ಬನ ಹೆಗಲಿಗೆ. ಇದು ಹಳೆಯ ಕಥೆಯೆಂದು ನಾವು ನಕ್ಕು ಸುಮ್ಮನಾಗುವ ಹಾಗಿಲ್ಲ. ಮಕ್ಕಳಿಗೆ ಕೇಡು ಬಗೆಯುವ ದೊಡ್ಡವರು ಇಂದಿಗೂ ನಡೆಯುವುದು ಎಷ್ಟೋ ವೇಳೆ ಇದೇ ದಾರಿಯಲ್ಲಿ. ಮೊದಲು ಮಿಠಾಯಿ, ಆಮೇಲೆ ಸಲಿಗೆ, ಆಮೇಲೆ "ಯಾರಿಗೂ ಹೇಳಬೇಡ." ಹಾಗೆ ಮಾಡುವವರು ಬಹುತೇಕ ಮಗುವಿಗೆ ಪರಿಚಿತರೇ, ಅವರ ಮುಖದಲ್ಲಿ ಕೋರೆಹಲ್ಲು ಕಾಣುವುದಿಲ್ಲ. ಮಕ್ಕಳನ್ನು ಇಂಥವರಿಂದ ರಕ್ಷಿಸಲು ನಮ್ಮ ದೇಶದಲ್ಲಿ 2012ರಲ್ಲಿ ಪೋಕ್ಸೊ ಕಾಯಿದೆಯಾಯಿತು. ಅಪರಾಧ ನಡೆದುದು ತಿಳಿದೂ ಅದನ್ನು ಮುಚ್ಚಿಡುವುದು ಆ ಕಾಯಿದೆಯ ಪ್ರಕಾರ ತಪ್ಪು. ತಿಳಿದೂ ಹೇಳದವನ ತಲೆ ಒಡೆಯುವುದೆಂಬ ಬೇತಾಳನ ಶಾಸನವನ್ನು ನಮ್ಮ ಶಾಸಕರು ಸ್ವಲ್ಪ ಮೃದುವಾಗಿ ಬರೆದಿದ್ದಾರೆಂದು ಹೇಳಬಹುದು. ಕಷ್ಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ದೂರವಾಣಿಯ ಸಂಖ್ಯೆಯೂ ಇದೆ. ಆದರೆ ಕಾಯಿದೆಯಾಗಲಿ ದೂರವಾಣಿಯಾಗಲಿ ಕೆಲಸ ಮಾಡಬೇಕಾದರೆ ಮಗು ಮೊದಲು ಬಾಯಿ ಬಿಡಬೇಕು. ಬಾಯಿ ಬಿಡಬಹುದೆಂಬ ಧೈರ್ಯವನ್ನು ಕೊಡುವುದು ಮನೆಯ ಕೆಲಸ. ಅಜ್ಜಿಯ ಕಥೆಯ ಕೆಲಸ.

ಹಾಗೆಂದು ಗುಟ್ಟೆಲ್ಲವೂ ಕೆಟ್ಟದ್ದೆಂದು ಮಕ್ಕಳಿಗೆ ಹೇಳಿಕೊಡುವುದೂ ಸರಿಯಲ್ಲ. ಗುಟ್ಟಿಲ್ಲದ ಬಾಲ್ಯ ಬೀಗವಿಲ್ಲದ ಮನೆಯಂತೆ. ಉಣಕಲ್ಲ ಕೆರೆಯ ದಂಡೆಯಲ್ಲಿ ಇಬ್ಬರು ಹುಡುಗರು ಹೂತಿಟ್ಟ ಗೋಲಿಗಳ ಡಬ್ಬಿ, ತಂಗಿಯ ಹುಟ್ಟುಹಬ್ಬಕ್ಕೆಂದು ಕೂಡಿಡುತ್ತಿರುವ ಕಾಸು, "ನನಗೆ ಕತ್ತಲೆಯ ಹೆದರಿಕೆ" ಎಂದು ಗೆಳೆಯನು ಕಿವಿಯಲ್ಲಿ ಹೇಳಿದ ಮಾತು: ಇವುಗಳನ್ನು ಬಯಲು ಮಾಡುವವನು ಗೆಳೆತನಕ್ಕೆ ತಕ್ಕವನಲ್ಲ. ಹಾಗಾದರೆ ಎರಡು ಬಗೆಯ ಗುಟ್ಟುಗಳಿಗೆ ಇರುವ ಭೇದವನ್ನು ಮಗು ಅರಿಯುವುದು ಹೇಗೆ? ನನಗೆ ತೋರುವ ಲಕ್ಷಣ ಸುಲಭವಾದುದು. ಒಳ್ಳೆಯ ಗುಟ್ಟು ಒಂದು ದಿನ ನಗುತ್ತ ಹೊರಗೆ ಬರುವುದು. ಇಲ್ಲವೆ ಇಬ್ಬರ ನಡುವೆ ಹಗುರಾಗಿ, ಯಾರಿಗೂ ಕೇಡಿಲ್ಲದೆ ಇರುವುದು. ಕೆಟ್ಟ ಗುಟ್ಟು ಹೆಣದ ಹಾಗೆ ಹೆಗಲನ್ನು ಒತ್ತುವುದು. ಅದನ್ನು ಹೊರಿಸಿದವನು ಜೊತೆಗೆ ಹೊರುವುದಿಲ್ಲ. ಹೊರುವಾಗ ಭಾರವೆನಿಸಿತೆ? ಹಾಗಾದರೆ ನಂಬಿಕೆಯ ಒಬ್ಬರ ಮುಂದೆ ಇಳಿಸಬೇಕು. ಇಳಿಸಿದ ಮಗುವನ್ನು ಚಾಡಿಕೋರನೆಂದು ಯಾರೂ ಕರೆಯಬಾರದು.

ಗೆಳೆತನ, ಗುಟ್ಟು, ಪಿಶಾಚಿ ಈ ಮೂರೂ ನಮ್ಮ ಕಥಾಸಾಹಿತ್ಯದ ಬೇರಿನಲ್ಲಿಯೇ ಇವೆಯೆಂಬುದು ಸ್ವಾರಸ್ಯದ ಸಂಗತಿ. 'ಕಥಾಸರಿತ್ಸಾಗರ'ದ ಮೂಲ ಗುಣಾಢ್ಯನ 'ಬೃಹತ್ಕಥೆ'. ಆ ಗ್ರಂಥ ಹುಟ್ಟಿದ ಬಗೆಯನ್ನು ಸೋಮದೇವನು ಹೀಗೆ ಹೇಳುತ್ತಾನೆ. ಯಾರೂ ಕೇಳದ ಕಥೆಯೊಂದನ್ನು ಹೇಳೆಂದು ಪಾರ್ವತಿ ಶಿವನನ್ನು ಕೇಳಿದಳು. ಬಾಗಿಲಿಗೆ ನಂದಿಯ ಕಾವಲು. ಪುಷ್ಪದಂತನೆಂಬ ಗಣನು ಯೋಗಬಲದಿಂದ ಒಳಹೊಕ್ಕು ಕದ್ದು ಕೇಳಿದನು. ಹೆಂಡತಿ ಜಯೆಗೆ ಹೇಳಿದನು. ಜಯೆ ಅದನ್ನು ಪಾರ್ವತಿಯ ಮುಂದೆಯೇ ಒಪ್ಪಿಸಿದಳು! ಪಾರ್ವತಿ ಪುಷ್ಪದಂತನಿಗೆ ಶಾಪ ಕೊಟ್ಟಳು. ಅವನ ಪರವಾಗಿ ಬೇಡಿಕೊಂಡ ಗೆಳೆಯ ಮಾಲ್ಯವಂತನಿಗೂ ಕೊಟ್ಟಳು. ಗೆಳೆಯನಿಗಾಗಿ ಒಂದು ಮಾತಾಡಿ ಶಾಪ ಪಡೆದ ಆ ಮಾಲ್ಯವಂತನೇ ಭೂಮಿಯಲ್ಲಿ ಗುಣಾಢ್ಯನಾದನು. ಆತನಿಗೆ ಆ ಕಥೆಯನ್ನು ಹೇಳಬೇಕಾದವನು ವಿಂಧ್ಯದ ಕಾಡಿನಲ್ಲಿದ್ದ ಕಾಣಭೂತಿಯೆಂಬ ಪಿಶಾಚ. ಈ ಕಾಣಭೂತಿಯಾದರೂ ಹಿಂದೆ ಯಕ್ಷನಾಗಿದ್ದವನು; ರಾಕ್ಷಸನೊಬ್ಬನೊಡನೆ ಸ್ನೇಹ ಮಾಡಿದನೆಂದು ಕುಬೇರನ ಶಾಪದಿಂದ ಪಿಶಾಚನಾದವನು. ಸಹವಾಸದೋಷವೆಂದು ದೊಡ್ಡವರು ಕೊಟ್ಟ ಶಿಕ್ಷೆಯನ್ನು ಅನುಭವಿಸುತ್ತಿದ್ದ ಆ ಪಿಶಾಚನ ಬಾಯಿಂದಲೇ ಲೋಕಕ್ಕೆ ಕಥೆ ಬಂದಿತು.

ಗುಣಾಢ್ಯನು ಪಂಥದಲ್ಲಿ ಸೋತು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟಿದ್ದನು. ಉಳಿದಿದ್ದುದು ಪೈಶಾಚೀ ಭಾಷೆ. ಕಾಡಿನಲ್ಲಿ ಮಸಿ ಇರಲಿಲ್ಲ. ಆದುದರಿಂದ ತನ್ನ ರಕ್ತದಲ್ಲಿ ಏಳು ವರ್ಷ ಬರೆದನು, ಏಳು ಲಕ್ಷ ಗ್ರಂಥವಾಯಿತು. ಪಾಶ್ಚಾತ್ಯ ಕಥೆಯ ಪಿಶಾಚಿ ಮನುಷ್ಯರ ರಕ್ತವನ್ನು ಹೀರಿದರೆ, ಇಲ್ಲಿ ಮನುಷ್ಯನೊಬ್ಬನು ಪಿಶಾಚನ ಕಥೆಗಾಗಿ ತನ್ನ ರಕ್ತವನ್ನು ತಾನೇ ಸುರಿದನು. ಸಾತವಾಹನ ರಾಜನು ಆ ಭಾಷೆಯನ್ನೂ ಆ ರಕ್ತಾಕ್ಷರಗಳನ್ನೂ ಕಂಡು ಹೇಸಿ ಗ್ರಂಥವನ್ನು ಹಿಂದಕ್ಕೆ ಕಳುಹಿಸಿದನು. ಗುಣಾಢ್ಯನು ಬೆಟ್ಟದ ಮೇಲೆ ಬೆಂಕಿ ಮಾಡಿ, ಒಂದೊಂದೇ ಹಾಳೆಯನ್ನು ಮೃಗಪಕ್ಷಿಗಳಿಗೆ ಓದಿ ಓದಿ ಸುಟ್ಟನು. ಮೃಗಗಳು ಮೇವನ್ನು ಬಿಟ್ಟು ಕಣ್ಣೀರು ಸುರಿಸುತ್ತ ಕೇಳಿದುವು, ಬಡಕಲಾದುವು. ಅರಮನೆಯ ಅಡಿಗೆಗೆ ಒಣಮಾಂಸ ಬಂದು ರಾಜನಿಗೆ ಕಾಯಿಲೆಯಾಯಿತು. ಕಾರಣ ತಿಳಿದು ಆತನು ಓಡಿ ಬರುವ ವೇಳೆಗೆ ಆರು ಲಕ್ಷ ಬೂದಿಯಾಗಿ ಒಂದು ಲಕ್ಷ ಉಳಿದಿತ್ತು. ಇದು ನಡೆದ ಸಂಗತಿಯೆಂದು ನಾನು ಹೇಳುತ್ತಿಲ್ಲ. ಭಾಷೆ ಕೀಳೆಂದು, ಹೇಳುವವನ ರೂಪ ಚೆನ್ನಾಗಿಲ್ಲವೆಂದು ಕಥೆಯನ್ನು ತಳ್ಳಿದರೆ ಎಷ್ಟು ನಷ್ಟವೆಂಬ ಲೆಕ್ಕ ಮಾತ್ರ ಇದರಲ್ಲಿ ಸರಿಯಾಗಿದೆ.

ಆ ಕಥಾಪ್ರವಾಹದ ಒಂದು ಕಾಲುವೆ ನಮ್ಮ ಸೀಮೆಗೂ ಹರಿದಿದೆ. ಕನ್ನಡದಲ್ಲಿ 'ಪಂಚತಂತ್ರ'ವನ್ನು ಬರೆದ ದುರ್ಗಸಿಂಹನು ರೋಣದ ಬಳಿಯ ಸವಡಿಯವನು. 1997ರಲ್ಲಿ ಗದಗ ಬೇರೆ ಜಿಲ್ಲೆಯಾಗುವವರೆಗೆ ಆ ಊರು ಧಾರವಾಡ ಜಿಲ್ಲೆಗೆ ಸೇರಿತ್ತು. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ಆತನು, ಗುಣಾಢ್ಯನ ಬೃಹತ್ಕಥೆಯಿಂದ ವಸುಭಾಗಭಟ್ಟನು ಆರಿಸಿದ ಕಥೆಗಳನ್ನು ತಾನು ಕನ್ನಡಿಸಿದೆನೆಂದು ಹೇಳಿಕೊಂಡಿದ್ದಾನೆ. ಆತನ ಗ್ರಂಥದ ಕಾಲವನ್ನು 1031 ಎಂದು ವಿದ್ವಾಂಸರು ಎಣಿಸುತ್ತಾರೆ. ಅಂದರೆ ಕಾಶ್ಮೀರದ ಸೋಮದೇವನಿಗಿಂತಲೂ ಮೊದಲು. ಸೋಮದೇವನ ಕಥೆಗಳನ್ನು ಸೊಗಸಾದ ಕನ್ನಡದಲ್ಲಿ ಓದಬೇಕೆನ್ನುವವರಿಗೆ ಎ. ಆರ್. ಕೃಷ್ಣಶಾಸ್ತ್ರಿಗಳ 'ಕಥಾಮೃತ'ವಿದೆ. ಶಾಲೆಯ ಪುಸ್ತಕಭಂಡಾರಗಳಲ್ಲಿ ಅದು ಬೀರುವಿನೊಳಗೆ ಬೇತಾಳನಂತೆ ಸುಮ್ಮನೆ ತೂಗುತ್ತಿರದೆ ಮಕ್ಕಳ ಹೆಗಲೇರಲಿ.

ಒಳಗಿಟ್ಟುಕೊಂಡ ಮಾತು ಏನಾಗುತ್ತದೆಂಬುದನ್ನು ನಮ್ಮ ಜನಪದರು ಇನ್ನೂ ಸರಳವಾಗಿ ಹೇಳಿದ್ದಾರೆ. ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದು ಕನ್ನಡದ ಜನಪದ ಕಥೆಗಳನ್ನು ಕೂಡಿಸಿದ ಎ. ಕೆ. ರಾಮಾನುಜನ್ನರು ಲೋಕಕ್ಕೆ ತಿಳಿಸಿದ ಕಥೆಯೊಂದಿದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಬರುತ್ತಿದ್ದುವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಕಟ್ಟಿದ ಕಥೆ ಮತ್ತು ಹಾಡು ಆಕೆ ಮಲಗಿದ್ದಾಗ ಬಾಯಿಂದ ಹಾರಿ, ಒಂದು ಪಾದರಕ್ಷೆಯಾಗಿ, ಒಂದು ಕೋಟಾಗಿ ಮಾರ್ಪಟ್ಟುವು. ಗಂಡನು ಬಂದು ನೋಡಿ, ಯಾರು ಬಂದಿದ್ದರೆಂದು ಜಗಳ ತೆಗೆದನು. ಮುನಿಸಿಕೊಂಡು ಹನುಮಂತನ ಗುಡಿಗೆ ಮಲಗಲು ಹೋದನು. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಉರಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುವ ಪದ್ಧತಿ. ಆ ಹರಟೆಯಿಂದ ಗಂಡನಿಗೆ ನಿಜ ತಿಳಿಯಿತು. ಮನೆಗೆ ಬಂದು ಕಥೆಯನ್ನು ಕೇಳಿದರೆ ಹೆಂಡತಿ, "ಯಾವ ಕಥೆ? ಯಾವ ಹಾಡು?" ಎಂದಳು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 'ನಾಗಮಂಡಲ' ನಾಟಕದಲ್ಲಿ ಈ ಉರಿಗಳನ್ನು ರಂಗದ ಮೇಲಕ್ಕೆ ತಂದರು. ಹೇಳಬೇಕಾದುದನ್ನು ಹೇಳದೆ ಬಿಟ್ಟರೆ ಅದೇ ದೆವ್ವವಾಗಿ ಮನೆಯನ್ನು ಕಾಡುವುದೆಂಬುದಕ್ಕೆ ಇದಕ್ಕಿಂತ ಹಗುರವಾದ, ಇದಕ್ಕಿಂತ ಗಟ್ಟಿಯಾದ ದೃಷ್ಟಾಂತ ಬೇಡ.

ಕೇಳುಗರೆ, ದೆವ್ವದ ಕಥೆಯಿಂದ ಮಕ್ಕಳು ಅಂಜುಬುರುಕರಾಗುವರೆಂಬ ಆಕ್ಷೇಪಣೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಊಟ ಮಾಡದ ಮಗುವನ್ನು "ದೆವ್ವ ಹಿಡಿದುಕೊಂಡು ಹೋಗುತ್ತದೆ" ಎಂದು ಹೆದರಿಸಿ ತುತ್ತು ತುರುಕುವುದು ದೆವ್ವಕ್ಕೂ ಅನ್ಯಾಯ, ಮಗುವಿಗೂ ಅನ್ಯಾಯ. ಆದರೆ ದೆವ್ವದ ಪಕ್ಕದಲ್ಲಿ ಕುಳಿತು, ಅದರ ಮಾತನ್ನು ಕೇಳಿ, ಅದರ ಪೆಟ್ಟನ್ನು ನೇವರಿಸಿ, ಅದಕ್ಕೆ ತಕ್ಕ ಉತ್ತರ ಕೊಟ್ಟ ಮಗು ಕತ್ತಲೆಗೆ ಅಷ್ಟಾಗಿ ಅಂಜುವುದಿಲ್ಲ. ಸುಂದರವಾದ ಮುಖಕ್ಕೆ ಒಮ್ಮೆಲೇ ಮರುಳಾಗುವುದೂ ಇಲ್ಲ. ಬಲ್ಲುದನ್ನು ಹೇಳಬೇಕು, ಅರಿಯದುದಕ್ಕೆ ಸುಮ್ಮನಿರಬೇಕು, ಗೆಳೆಯನ ಗುಟ್ಟನ್ನು ಕಾಯಬೇಕು, ಕೇಡಿನ ಗುಟ್ಟನ್ನು ಇಳಿಸಬೇಕು: ಬೇತಾಳನ ಪಾಠಶಾಲೆಯ ಪಾಠಗಳು ಇಷ್ಟೆ.

ಆದುದರಿಂದ ಈ ಹೊತ್ತು ಊಟವಾದ ಮೇಲೆ ಮಕ್ಕಳು ಕಥೆ ಕೇಳಿದರೆ ಇಲ್ಲವೆನ್ನಬೇಡಿರಿ. ಹಗ್ಗ ಕತ್ತರಿಸಿದಾಗ ಹೆಣ ಕೂಗಿದ ಜಾಗದಲ್ಲಿ ಧ್ವನಿಯನ್ನು ಸ್ವಲ್ಪ ತಗ್ಗಿಸಿರಿ. ಅದು ಗಹಗಹಿಸಿ ನಕ್ಕ ಜಾಗದಲ್ಲಿ ನೀವೂ ನಕ್ಕುಬಿಡಿರಿ. ಕಥೆ ಮುಗಿದ ಮೇಲೆ ಒಂದು ಗಳಿಗೆ ಸುಮ್ಮನಿರಿರಿ. ನಿಮ್ಮ ಮಗುವಿಗೂ ಹೇಳುವುದು ಏನಾದರೂ ಇದ್ದೀತು.